ಮಣ್ಣೆತ್ತಿನ ರೂಪಲಕ್ಷಣ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು ಪೂಜೆಗೊಳ್ಳುವ ಮಣ್ಣೆತ್ತುಗಳಲ್ಲಿ, ಮನೆಯಲ್ಲಿಯೇ ಹಸಿಮಣ್ಣಿನಿಂದ ಮಾಡಿದವಕ್ಕೆ ಮುಖದ ಸ್ಫುಟತೆ ಬಹುಮಟ್ಟಿಗೆ ಇರುವುದಿಲ್ಲ. ಇದು ಶಿಲ್ಪವೇ ಎಂದು ಆಕ್ಷೇಪಿಸುವವರುಂಟು. ತಾರ್ಕಿಕರು ಗೋವಿಗೆ ಸಾಸ್ನೆಯನ್ನು, ಎಂದರೆ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು, ಲಕ್ಷಣವೆಂದರು. ಅದು ಎಲ್ಲ ಗೋವುಗಳಲ್ಲಿಯೂ ಉಂಟು, ಅಶ್ವಾದಿಗಳಲ್ಲಿಲ್ಲ. ಮಣ್ಣೆತ್ತು ಮಾಡುವವರಾದರೋ ಆ ಸಾಸ್ನೆಯನ್ನೇ ಬಿಟ್ಟು ಹಿಣಿಲನ್ನೂ ಕೊಂಬನ್ನೂ ಉಳಿಸಿಕೊಂಡರು. ತೆಳುವಾದ ಸಾಸ್ನೆಯು ಹಸಿಮಣ್ಣಿನಲ್ಲಿ ನಿಲ್ಲದು, ಒಣಗುವಾಗ ಬಿರಿಯುವುದು. ಹಿಣಿಲು ಎರಡು ಬೆರಳುಗಳ ಒಂದೇ ಚಿವುಟಿಗೆ ಏಳುವುದು. ಮೇಲಾಗಿ ನೊಗವು ಆತು ನಿಲ್ಲುವುದು ಹಿಣಿಲಿನ ಮುಂದೆಯೇ. ಒಕ್ಕಲಿಗನ ಎತ್ತಿಗೆ ಒಕ್ಕಲಿಗನದೇ ಲಕ್ಷಣವೆಂದು ನಮ್ಮ ಮತ. ಈ ಸೀಮೆಗೆ ಗೋಸಂಪತ್ತು ಹೊಸತಲ್ಲ: ಬೂದಿಹಾಳ, ಕೊಡೇಕಲ್ಲುಗಳ ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳ ಸಗಣಿ ಬೆಂದು ಆದವು. ಮಣ್ಣೆತ್ತನ್ನು ಅಲ್ಲಿಯವರೆಗೆ ಹೊಡೆದುಕೊಂಡು ಹೋಗುವುದು ಮಾತ್ರ ಸಾಹಸವಾದೀತು.