ಅಗ್ಗದ ಚುಟ್ಟ

ಸಿಗಾರ್ ಎಂದೊಡನೆ ನಮ್ಮ ಕಣ್ಣ ಮುಂದೆ ಚರ್ಮದ ಕುರ್ಚಿಗಳು, ಕ್ಲಬ್ಬಿನ ಪಡಸಾಲೆ, ಚರ್ಚಿಲ್ಲನ ದುಂಡುಮುಖ ಇವು ಬಂದು ನಿಲ್ಲುತ್ತವೆ. ಚುಟ್ಟವೆಂದರೆ ಗಾಡಿಯ ಮೂಕಿಯ ಮೇಲೆ ಕುಳಿತ ಮುದುಕನೊಬ್ಬನು ಕಾಣುತ್ತಾನೆ. ವಸ್ತು ಒಂದೇ, ಒಂದೇ ಜಾತಿಯ ಎಲೆ, ಒಂದೇ ಬಗೆಯ ಸುರುಳಿ. ಇಂಗ್ಲಿಷಿನವರ ‘ಚೆರೂಟ್’ ಎಂಬ ಮಾತೂ ಇಲ್ಲಿಂದಲೇ ಹೋದದ್ದು. ತಮಿಳಿನ ‘ಸುರುಟ್ಟು’ ಅದರ ಮೂಲ. ನಾವು ಹಾಸಿಗೆಯನ್ನು ಸುರುಟಿ ಇಡುತ್ತೇವಲ್ಲ, ಆ ಧಾತುವೇ ಅದು. ತಿರುಚಿನಾಪಳ್ಳಿ, ದಿಂಡಿಗಲ್ಲುಗಳ ಚುಟ್ಟಗಳು ಒಂದು ಕಾಲಕ್ಕೆ ಹಡಗು ಹತ್ತಿ ಲಂಡನ್ನಿನವರೆಗೆ ಹೋಗುತ್ತಿದ್ದವು. ೧೮೮೭ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲನೆಯ ಕಥೆಯಲ್ಲಿ ಕೊಲೆಗಾರನ ಸುಳಿವುಗಳಲ್ಲೊಂದು ತಿರುಚಿನಾಪಳ್ಳಿಯ ಚುಟ್ಟದ ಬೂದಿ ಎಂಬುದು ಕಾದಂಬರಿಪ್ರಿಯರಾದ ಶ್ರೋತೃಗಳಿಗೆ ನೆನಪಿರಬಹುದು.

ನಾನು ಈ ದಿನ ಹೇಳಹೊರಟಿರುವುದು ಆ ಘನತೆಯ ಚುಟ್ಟಗಳ ವಿಷಯವನ್ನಲ್ಲ. ಬಡವನ ಕೈಗೆಟಕುವ ಅಗ್ಗದ ಚುಟ್ಟದ ವಿಷಯವನ್ನು. ಅದನ್ನು ಸೇದಿದಾಗ ಏನಾಗುತ್ತದೆ, ಏಕೆ ಹಾಗಾಗುತ್ತದೆ, ಇಷ್ಟೇ ನಮ್ಮ ಪ್ರಶ್ನೆ.

ಬೈಲಹೊಂಗಲದ ಪೇಟೆಯಲ್ಲಿ ಕೊಂಡ ಅಂತಹ ಒಂದು ಚುಟ್ಟವನ್ನು ನಾನು ಸೇದಿ ನೋಡಿದ್ದು ಸಂಗೊಳ್ಳಿಯಲ್ಲಿ. (ಸಂಗೊಳ್ಳಿಯೆಂದರೆ ರಾಯಣ್ಣನ ಮಾತು ಬರಬೇಕಾದದ್ದು ನ್ಯಾಯ, ಅದಕ್ಕೆ ಬೇರೆಯೇ ಒಂದು ಭಾಷಣ ಬೇಕು.) ಮಲಪ್ರಭೆಯ ಸೀಮೆಯ ಕರಿಯ ಮಣ್ಣಿನ ಹೊಲ, ಬದುವಿನ ಮೇಲೆ ಬೇವಿನ ನೆರಳು. ಜೊತೆಗಿದ್ದ ಹಿರಿಯ ರೈತರು ನನ್ನ ಕೈಯಲ್ಲಿದ್ದುದನ್ನು ನೋಡಿ, “ಹಸಿದ ಹೊಟ್ಟೀಲೆ ಹಚ್ಚಬ್ಯಾಡ್ರಿ, ತಲಿ ತಿರಗತೈತಿ” ಎಂದರು. ರೊಟ್ಟಿ ತಿಂದ ಮೇಲೆಯೇ ಕಡ್ಡಿ ಗೀರಿದೆ.

ಒಂದೇ ಕಡ್ಡಿಗೆ ಅದು ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿತು, ಹತ್ತಿದರೂ ಒಂದು ಪಕ್ಕ ಮಾತ್ರ ಉರಿಯುತ್ತ, ಇನ್ನೊಂದು ಪಕ್ಕ ಹಸಿಯ ಸೌದೆಯಂತೆ ಹಿಂದುಳಿಯಿತು. ಮೊದಲನೆಯ ಸೇದಿನಲ್ಲಿ ನಾಲಗೆಯ ತುದಿ ಚುರುಗುಟ್ಟಿತು, ಬಾಯಿಯಲ್ಲಿ ನೀರೂರಿತು, ಮೂಗಿಗೆ ದನದ ಕೊಟ್ಟಿಗೆಯ ಮೂಲೆಯನ್ನು ನೆನಪಿಗೆ ತರುವ ಒಂದು ಘಾಟು ಏರಿತು. ಐದಾರು ಸೇದಿನ ಮೇಲೆ ಘಾಟು ತಗ್ಗಿ, ಸುಟ್ಟ ಬೆಲ್ಲದ ಹಾಗೂ ಮಳೆ ಬಿದ್ದ ಮಣ್ಣಿನ ವಾಸನೆಯೊಂದು ತೋರಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಅದು ಚೆನ್ನಾಗಿಯೇ ಇತ್ತು. ಅರ್ಧ ತೀರುವಷ್ಟರಲ್ಲಿ ಬಿಕ್ಕಳಿಕೆ, ಹಣೆಯಲ್ಲಿ ತಣ್ಣನೆಯ ಬೆವರು, ಎದೆಯಲ್ಲಿ ಬಡಿತ. ಹೊಗೆಯನ್ನು ನಾನು ಒಮ್ಮೆಯೂ ಎದೆಗೆ ಎಳೆದುಕೊಂಡಿರಲಿಲ್ಲ. ಹಾಗಿದ್ದ ಮೇಲೆ ಈ ಮತ್ತು ಬಂದದ್ದು ಎಲ್ಲಿಂದ?

ಇದರ ಉತ್ತರ ಎಲೆಯನ್ನು ಒಣಗಿಸುವ ಕ್ರಮದಲ್ಲಿದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ಸಿಗರೇಟಿನ ಹೊಗೆಸೊಪ್ಪನ್ನು ಎತ್ತರವಾದ ಮುಚ್ಚಿದ ಮನೆಗಳಲ್ಲಿ ತೂಗುಹಾಕಿ, ಕೊಳವೆಗಳಲ್ಲಿ ಕಾವು ಹಾಯಿಸಿ, ಕೆಲವೇ ದಿನಗಳಲ್ಲಿ ಹಳದಿಯಾಗಿ ಒಣಗಿಸುತ್ತಾರೆ. ಎಲೆಯ ಸಕ್ಕರೆ ಎಲೆಯಲ್ಲಿಯೇ ಉಳಿಯುತ್ತದೆ. ಅದು ಸುಟ್ಟು ಬರುವ ಹೊಗೆ ಆಮ್ಲಗುಣದ್ದು. ಆಮ್ಲಗುಣದ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಚರ್ಮವನ್ನು ಸುಲಭವಾಗಿ ದಾಟಲಾರದು. ಆದುದರಿಂದಲೇ ಸಿಗರೇಟು ಸೇದುವವನು ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುತ್ತಾನೆ. ಚುಟ್ಟದ ಎಲೆ ಹಾಗಲ್ಲ. ಅದು ಗಾಳಿಯಲ್ಲಿ ವಾರಗಟ್ಟಲೆ ನಿಧಾನವಾಗಿ ಒಣಗಿ, ಆಮೇಲೆ ರಾಶಿಯಲ್ಲಿ ಬಿದ್ದು ತನ್ನ ಕಾವಿನಲ್ಲಿ ತಾನೇ ಹುದುಗುತ್ತದೆ. ಸಕ್ಕರೆ ತೀರಿಹೋಗುತ್ತದೆ, ಹೊಗೆ ಕ್ಷಾರಗುಣದ್ದಾಗುತ್ತದೆ. ಕ್ಷಾರದಲ್ಲಿ ನಿಕೋಟಿನ್ ಬಿಡುಗಡೆ ಹೊಂದಿ ಕೆನ್ನೆಯ ಒಳಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ರಸಾಯನಶಾಸ್ತ್ರದ ಈ ಪಾಠವನ್ನು ನಮ್ಮ ಒಕ್ಕಲಿಗನು ಅಂಗೈಯಲ್ಲಿಯೇ ಕಲಿತಿದ್ದಾನೆ. ತಂಬಾಕಿಗೆ ಚಿಟಿಕೆ ಸುಣ್ಣ ಸೇರಿಸಿ ಹೆಬ್ಬೆರಳಿನಿಂದ ತಿಕ್ಕುವುದರ ಉದ್ದೇಶ ಇದೇ. ಅಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಹೊಗೆಯೇ ಮಾಡುತ್ತದೆ.

ಹೊಗೆಸೊಪ್ಪು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಪೋರ್ಚುಗೀಸರು ತಂದ ಈ ಗಿಡ ಆದಿಲಶಾಹಿಯ ರಾಜ್ಯದಲ್ಲಿ ಮೊದಲೇ ಬೇರೂರಿತ್ತು. ೧೬೦೪ರ ಸುಮಾರಿನಲ್ಲಿ ಅಕ್ಬರನ ದೂತನಾದ ಅಸದ್ ಬೇಗ್ ಅದನ್ನು ವಿಜಾಪುರದಲ್ಲಿ ಕಂಡು, ರತ್ನಖಚಿತವಾದ ಹುಕ್ಕದೊಡನೆ ಬಾದಶಹನ ಮುಂದೆ ಒಯ್ದಿಟ್ಟನು. ಅದೇ ೧೬೦೪ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸನು ಹೊಗೆಸೊಪ್ಪನ್ನು ಖಂಡಿಸಿ ಪುಸ್ತಕ ಬರೆದನು. ಅಕ್ಬರನ ಮಗ ಜಹಾಂಗೀರನು ೧೬೧೭ರಲ್ಲಿ ಅದನ್ನು ನಿಷೇಧಿಸಿದನು. ಫಲ ಎಷ್ಟಾಯಿತೆಂಬುದನ್ನು ಯಾವ ಗೂಡಂಗಡಿಯಾದರೂ ಹೇಳುತ್ತದೆ.

ಇನ್ನು ಅಗ್ಗದ ಮಾತು. ಬೆಲೆಯುಳ್ಳ ಚುಟ್ಟಕ್ಕೂ ಅಗ್ಗದ್ದಕ್ಕೂ ಇರುವ ಮುಖ್ಯ ಅಂತರ ನನ್ನ ದೃಷ್ಟಿಯಲ್ಲಿ ಕಾಲದ್ದು. ಹುದುಗುವಾಗ ಎಲೆಯಿಂದ ಅಮೋನಿಯಾ ಹೊರಬೀಳುತ್ತದೆ. ಅದು ಪೂರ್ತಿ ಹೋಗಬೇಕಾದರೆ ರಾಶಿಯನ್ನು ಮತ್ತೆಮತ್ತೆ ಮಗುಚಬೇಕು, ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಕಾಯಬೇಕು. ಕಾಯುವುದೆಂದರೆ ಹಣವನ್ನು ಉಗ್ರಾಣದಲ್ಲಿ ಮಲಗಿಸುವುದು. ಅಗ್ಗದ ಚುಟ್ಟದವನು ಕಾಯಲಾರನು. ಉಳಿದ ಅಮೋನಿಯಾವೇ ನಾನು ಹೇಳಿದ ಕೊಟ್ಟಿಗೆಯ ಘಾಟು. ಒಳಗೆ ಉದ್ದನೆಯ ಎಲೆಗಳಿರಬೇಕಾದ ಕಡೆ ಚೂರುಗಳೂ ದಂಟುಗಳೂ ಇದ್ದರೆ ಗಾಳಿಯ ದಾರಿ ಅಲ್ಲಲ್ಲಿ ಕಟ್ಟುತ್ತದೆ, ಉರಿ ಓರೆಯಾಗುತ್ತದೆ, ಓರೆಯಾದುದನ್ನು ಸರಿಮಾಡಲು ಸೇದುವವನು ಜೋರಾಗಿ ಎಳೆಯುತ್ತಾನೆ, ಎಳೆದಷ್ಟೂ ಹೊಗೆ ಬಿಸಿಯಾಗಿ ನಾಲಗೆಯನ್ನು ಸುಡುತ್ತದೆ. ಆದರೆ ನಿಕೋಟಿನ್ನಿನ ವಿಷಯದಲ್ಲಿ ಮಾತ್ರ ಬಡವನಿಗೆ ತೂಕದಲ್ಲಿ ಮೋಸವಿಲ್ಲ. ಒಂದು ಸಿಗರೇಟಿನಲ್ಲಿರುವ ಹೊಗೆಸೊಪ್ಪು ಒಂದು ಗ್ರಾಮಿಗಿಂತ ಕಡಿಮೆ. ದಪ್ಪನೆಯ ಚುಟ್ಟವೊಂದರಲ್ಲಿ ಐದು ಗ್ರಾಮೂ ಇರಬಹುದು, ಅದಕ್ಕೂ ಹೆಚ್ಚಾಗಿಯೂ ಇರಬಹುದು.

ಹೊಗೆಯನ್ನು ನುಂಗದವನಿಗೆ ಅಪಾಯವಿಲ್ಲವೆಂದು ಓದಿದವರೂ ಹೇಳುವುದುಂಟು; ನನ್ನ ಕಾಲೇಜಿನ ವಿಶ್ರಾಂತಿಕೋಣೆಯಲ್ಲಿಯೇ ಇದನ್ನು ಹಲವು ಸಲ ಕೇಳಿದ್ದೇನೆ. ಶ್ವಾಸಕೋಶಕ್ಕೆ ಸಿಗರೇಟಿನಷ್ಟು ಹೊಡೆತ ಬೀಳದಿರಬಹುದು. ಆ ಹೊಡೆತವನ್ನು ಬಾಯಿ, ಗಂಟಲು, ಅನ್ನನಾಳಗಳು ತಿನ್ನುತ್ತವೆ. ಹೊಗೆ ನಿಲ್ಲುವ ಕಡೆ ಕೇಡೂ ನಿಲ್ಲುತ್ತದೆಂಬುದಕ್ಕೆ ಆಂಧ್ರದ ವಿಶಾಖಪಟ್ಟಣ, ಶ್ರೀಕಾಕುಳಗಳ ಕರಾವಳಿಯ ಹೆಂಗಸರೇ ಸಾಕ್ಷಿ. ಅವರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿಯುಳ್ಳವರು. ಬೇರೆ ಕಡೆ ವಿರಳವಾದ ಅಂಗುಳಿನ ಕ್ಯಾನ್ಸರು ಅಲ್ಲಿ ಹೆಚ್ಚಾಗಿ ಕಂಡುಬಂದಿತು.

ಸಂಗೊಳ್ಳಿಯ ಆ ಹಿರಿಯರು ಚುಟ್ಟವನ್ನು ಬಿಟ್ಟು ಬಹಳ ಕಾಲವಾಗಿತ್ತಂತೆ. ಕಾರಣ ಕೇಳಿದೆ. ಕೆನ್ನೆಯ ಒಳಗಡೆ ಬೆರಳುಗುರಿನಷ್ಟು ಬಿಳಿಯ ಮಚ್ಚೆಯೊಂದು ಎದ್ದಿತ್ತು, ನೋವಿರಲಿಲ್ಲ, ಮಗನ ಒತ್ತಾಯಕ್ಕೆ ಹುಬ್ಬಳ್ಳಿಗೆ ಹೋಗಿ ತೋರಿಸಿದೆ ಎಂದರು. ನೋವಿಲ್ಲದಿರುವುದೇ ಅದರ ಮೋಸ. ಒರೆಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಮೊದಲಿನಷ್ಟು ಅಗಲವಾಗಿ ತೆರೆಯದ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸತಕ್ಕದ್ದು. ಕನ್ನಡಿಯ ಮುಂದೆ ನಿಂತು, ಬೆಳಕಿಗೆ ಬಾಯಿ ತೆರೆದು, ಬೆರಳಿನಿಂದ ಕೆನ್ನೆಯನ್ನು ಎಳೆದು ನೋಡಿಕೊಳ್ಳಲು ಒಂದು ನಿಮಿಷ ಸಾಕು.