ನಮ್ಮ ಬಟ್ಟಲೂ ರಾಷ್ಟ್ರದ ಆಹಾರಸೂತ್ರವೂ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ನೆಯ ಇಸವಿಯ ಮೇ ತಿಂಗಳಲ್ಲಿ ಭಾರತೀಯರ ನಿತ್ಯಾಹಾರಕ್ಕೆ 17 ಸೂತ್ರಗಳನ್ನು ಪ್ರಕಟಿಸಿರುವರು. ದೇಶದ ಒಟ್ಟು ರೋಗಭಾರದಲ್ಲಿ ನೂರಕ್ಕೆ 56.4 ಪಾಲು ಅಹಿತವಾದ ಆಹಾರದಿಂದ ಬಂದುದೆಂದು ಅವರ ಅಂದಾಜು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಹಾಜನರು ಇದನ್ನು ದೂರದ ಪಂಡಿತರ ಮಾತೆಂದು ಬದಿಗಿರಿಸಬಾರದೆಂದು ನಮ್ಮ ಪ್ರಾರ್ಥನೆ. ಸೂತ್ರಗಳಲ್ಲಿ ಹೇಳಿದ ಪದಾರ್ಥಗಳಲ್ಲಿ ಬಹುಪಾಲು ನಮ್ಮ ಹಿತ್ತಲಲ್ಲಿಯೇ ಇರುವುವು. ನಮ್ಮಲ್ಲಿ ತಪ್ಪಿರುವುದು ಪ್ರಮಾಣ.

ಎರಡು ಸಾವಿರ ಕ್ಯಾಲರಿ ಬೇಕಾದವನಿಗೆ ದಿನವೊಂದಕ್ಕೆ, ಬೇಯಿಸುವ ಮುನ್ನಿನ ತೂಕದಲ್ಲಿ, ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರು ಎಂದು ಸಂಸ್ಥೆಯು ವಿಧಿಸಿದೆ. ಮೀನು, ಮೊಟ್ಟೆ, ಮಾಂಸ ತಿನ್ನುವವರು ಬೇಳೆಯ ಒಂದು ಪಾಲನ್ನು ಅವುಗಳಿಂದ ತುಂಬಬಹುದು. ಉಪ್ಪು 5 ಗ್ರಾಮನ್ನು ಮೀರಬಾರದು. ಅನ್ನಕ್ಕಿಂತ ಪಲ್ಯದ ತೂಕ ಹೆಚ್ಚು ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮನೆಗಳಲ್ಲಿ ಬಡಿಸುವ ಕ್ರಮವು ಇದಕ್ಕೆ ತೀರ ತಿರುಗುಮುರುಗಾದುದು.

ಆದರೂ ನಮ್ಮ ಹಿರಿಯರು ಕೆಲವು ಸಂಗತಿಗಳನ್ನು ಚೆನ್ನಾಗಿ ಅರಿತಿದ್ದರು. ಈ ಪೋಷಣ ಸಂಸ್ಥೆಯು ಹುಟ್ಟಿದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ಒಂದೇ ಕೋಣೆಯಲ್ಲಿ. ಡಾಕ್ಟರ್ ಮೆಕ್‌ಕ್ಯಾರಿಸನ್ ಎಂಬವರು ಆರಂಭಿಸಿದ ಆ ಶೋಧನೆಯ ವಿಷಯವು ಬೆರಿಬೆರಿ ಎಂಬ ರೋಗ. ಯಂತ್ರದಲ್ಲಿ ನುಣುಪು ಮಾಡಿದ ಬೆಳ್ತಿಗೆ ಅಕ್ಕಿಯನ್ನೇ ನಂಬಿ ಬಾಳುವವರಿಗೆ ಬಿ-1 ಜೀವಸತ್ತ್ವದ ಕೊರತೆಯಿಂದ ಬರುವ ವ್ಯಾಧಿಯದು. ನಮ್ಮ ಕುಚ್ಚಲಕ್ಕಿಯಾದರೋ ಭತ್ತವಾಗಿರುವಾಗಲೇ ನೆನೆದು ಬೇಯುವುದು. ಆಗ ತವುಡಿನೊಳಗಿನ ಆ ಸತ್ತ್ವವು ಕಾಳಿನ ಒಳಕ್ಕೆ ಇಳಿದು, ಆಮೇಲೆ ಸಿಪ್ಪೆ ತೆಗೆದರೂ ಬಹುಮಟ್ಟಿಗೆ ಉಳಿಯುವುದು. ತಿಳಿಯನ್ನು ಚೆಲ್ಲದೆ ಗಂಜಿಯನ್ನೇ ಉಣ್ಣುವ ರೂಢಿಯಿಂದ ನೀರಿಗೆ ಬಿಟ್ಟ ಸಾರವೂ ಹೊಟ್ಟೆಯನ್ನೇ ಸೇರುವುದು. ಬಡವರ ಊಟವೆಂದು ನಾಚಬೇಕಾದುದು ಇದರಲ್ಲಿ ಏನೂ ಇಲ್ಲ.

ಸೊಪ್ಪಿನ ವಿಷಯದಲ್ಲಿಯೂ ಹೀಗೆಯೇ. ಆಟಿ ತಿಂಗಳ ಮಳೆಯಲ್ಲಿ ತಜಂಕು, ಕೆಸುವಿನೆಲೆಯ ಪತ್ರೊಡೆ, ತಿಮರೆಯ ಚಟ್ನಿ. ಉಳಿದ ಕಾಲದಲ್ಲಿ ಬಸಳೆ, ಹರಿವೆ, ಅಲಸಂಡೆ, ಸೌತೆ. ಜತೆಗೆ ಹುರುಳಿಯ ಸಾರು, ಹಲಸಿನ ಬೀಜ, ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಸುಳ್ಳು ಮಾಡಬೇಕಾದ ಕಾಲವಿದು.

ಹಾಗೆಂದು ಹಳೆಯದೆಲ್ಲವೂ ಹಿತವೆಂದು ನಾವು ಹೇಳಲಾರೆವು. ನಾಲ್ಕು ತಿಂಗಳ ಮಳೆಗಾಲವನ್ನು ಕಳೆಯಲು ನಾವು ಕೂಡಿಟ್ಟ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಇವೆಲ್ಲ ಉಪ್ಪಿನ ಭಂಡಾರಗಳು. ರಾಶಿ ಅನ್ನವು ಉತ್ತು ನೆಟ್ಟು ದುಡಿಯುವ ಮೈಗೆ ತಕ್ಕುದಾಗಿತ್ತು. ಈಗಲೋ ಗದ್ದೆಗಳು ಬಹುಮಟ್ಟಿಗೆ ಅಡಕೆಯ ತೋಟಗಳಾದುವು. ನಡೆದು ಹೋಗುತ್ತಿದ್ದ ದಾರಿಯನ್ನು ವಾಹನದಲ್ಲಿ ಕ್ರಮಿಸುತ್ತಿರುವೆವು. ದುಡಿಮೆ ಇಳಿಯಿತು, ಅನ್ನದ ರಾಶಿ ಇಳಿಯಲಿಲ್ಲ. ಮೇಲಾಗಿ ಬೇಕರಿಯ ತಿಂಡಿ, ಕರಿದೆಣ್ಣೆಯಲ್ಲೇ ಮತ್ತೆ ಕರಿದ ಪದಾರ್ಥ, ಪೊಟ್ಟಣದ ಕುರುಕಲು, ಸೀಸೆಯ ಸಿಹಿನೀರು ಇವು ಸೇರಿದುವು. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿತೆಂದು 2023ರಲ್ಲಿ ಪ್ರಕಟವಾದ ಸಂಶೋಧನಾ ಪರಿಷತ್ತಿನ ಅಧ್ಯಯನವು ಸಾರಿದೆ. ಕುಚ್ಚಲಕ್ಕಿಯಾದರೂ ಮಿತಿ ಮೀರಿದರೆ ಆ ರೋಗಕ್ಕೆ ತಡೆಯಾಗಲಾರದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವುಂಟು. ತಲೆಗೆ 400 ಗ್ರಾಂ ತರಕಾರಿಯೆಂದರೆ ನಾಲ್ವರು ಬೆಳೆದವರಿರುವ ಮನೆಗೆ ದಿನವೂ ಒಂದೂವರೆ ಕಿಲೋಗ್ರಾಮಿಗೂ ಮೇಲಾಯಿತು. ಘಟ್ಟದ ಮೇಲಿನಿಂದ ಬರುವ ತರಕಾರಿಯನ್ನು ಕೂಲಿಯ ಹಣದಲ್ಲಿ ಕೊಂಡು ಇಷ್ಟನ್ನು ಪೂರೈಸುವುದು ಹೇಗೆ? ಅಂಗಳವುಳ್ಳವರು ಒಂದು ಬಸಳೆಯ ಚಪ್ಪರವನ್ನೂ ನಾಲ್ಕು ಸಾಲು ಹರಿವೆಯನ್ನೂ ಎಬ್ಬಿಸಬಹುದು. ಬಾಡಿಗೆಯ ಕೋಣೆಯಲ್ಲಿರುವವನಿಗೆ ಹಿತ್ತಲೆಲ್ಲಿ? ಅವನ ಮಕ್ಕಳಿಗೆ ಉಪದೇಶದಿಂದ ಹೊಟ್ಟೆ ತುಂಬದು. ಅಲ್ಲಿ ಸರಕಾರವೂ ಸಂಸ್ಥೆಗಳೂ ಮುಂದೆ ಬರಬೇಕು. ಪಡಿತರದಲ್ಲಿ ಕುಚ್ಚಲಕ್ಕಿ ಬೇಕೆಂಬುದು ಈ ಜಿಲ್ಲೆಯ ಹಳೆಯ ಬೇಡಿಕೆ. ಅದನ್ನು ಬೆಳೆವ ರೈತನಿಗೆ ತಕ್ಕ ಬೆಲೆ ಕೊಡದೆ ಅದು ನೆರವೇರದು. ಶಾಲೆಯ ಬಿಸಿಯೂಟದಲ್ಲಿ ಊರಿನ ಸೊಪ್ಪಿಗೆ ಸ್ಥಾನವಿರಲಿ. ಮೂಡುಬಿದಿರೆ, ಉಜಿರೆಗಳ ವಿದ್ಯಾರ್ಥಿನಿಲಯಗಳಲ್ಲಿ ಸಾವಿರಾರು ಎಳೆಯರು ಉಣ್ಣುತ್ತಿರುವರು. ಅಲ್ಲಿನ ಅಡುಗೆಮನೆಯಲ್ಲಿ ಕಲಿತ ರುಚಿಯನ್ನೇ ಅವರು ಜನ್ಮವಿಡೀ ಉಳಿಸಿಕೊಳ್ಳುವರು.

ಗೃಹಸ್ಥರು ಮಾಡಬೇಕಾದುದೂ ಕಠಿಣವಲ್ಲ. ಅನ್ನವನ್ನು ಒಂದು ಸೌಟು ಇಳಿಸಿ ಪಲ್ಯವನ್ನು ಎರಡು ಸೌಟು ಏರಿಸಲಿ. ಉಪ್ಪಿನಕಾಯಿಯು ನೆಂಚಿಕೊಳ್ಳುವಷ್ಟಕ್ಕೇ ನಿಲ್ಲಲಿ. ಚಹಾ ಕಾಫಿಗಳು ಊಟಕ್ಕೆ ಹಿಂದೆ ಮುಂದೆ ಒಂದು ಗಂಟೆ ದೂರವಿರಲಿ, ಸೊಪ್ಪಿನ ಕಬ್ಬಿಣಾಂಶವು ಮೈಗೆ ಹತ್ತಲು ಅವು ಅಡ್ಡಿಯಾಗುವುವು. ಎಲ್ಲಕ್ಕೂ ಮಿಗಿಲಾಗಿ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಬಟ್ಟಲಿನಲ್ಲಿ ಪಲ್ಯವು ಉಳಿದಿದೆಯೇ ಎಂಬುದನ್ನು ಮನೆಯ ಯಜಮಾನನು ದಿನವೂ ನೋಡಲಿ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಾಡನುಡಿಯು ಮನೆಮಂದಿಗೆಲ್ಲ ಸಲ್ಲಬೇಕಾದುದು.