ಕುತ್ತಿಗೆಯ ಗಂಟು ಬಿಡಿಸುವವರು

ತಲೆ ಬಾಚುವಾಗಲೋ ಸರ ಹಾಕಿಕೊಳ್ಳುವಾಗಲೋ ಕುತ್ತಿಗೆಯ ಪಕ್ಕ ಅವರೆಕಾಳಿನಷ್ಟು ಗಂಟೊಂದು ಬೆರಳಿಗೆ ತಗಲುತ್ತದೆ. ಜೊತೆಗೆ ಬಿಟ್ಟು ಬಿಟ್ಟು ಬರುವ ಜ್ವರ. ವಾರಗಳು ಉರುಳಿದರೂ ಅದು ಕರಗದಿದ್ದರೆ ಮನೆಮಂದಿಗೆಲ್ಲ ಒಂದೇ ಚಿಂತೆ: ಕ್ಷಯವೋ, ಕ್ಯಾನ್ಸರೋ?

ಚಿಂತೆಗೆ ಕಾರಣವಿಲ್ಲದಿಲ್ಲ. ಹಿರಿಯರು ಗಂಡಮಾಲೆ ಎನ್ನುತ್ತಿದ್ದ ದುಗ್ಧಗ್ರಂಥಿಯ ಕ್ಷಯ ನಮ್ಮಲ್ಲಿ ಇಂದಿಗೂ ಸಾಮಾನ್ಯ. ಆದರೆ ಈ ಎರಡರ ವೇಷವನ್ನೂ ತೊಟ್ಟು ಬರುವ ಅಪರೂಪದ ಕಾಯಿಲೆಯೊಂದಿದೆ: ಕಿಕುಚಿ-ಫುಜಿಮೊಟೊ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಇದನ್ನು ಬೇರೆ ಬೇರೆಯಾಗಿಯೇ ಗುರುತಿಸಿ ಬರೆದರು. 40 ದಾಟದವರಲ್ಲಿ, ಅದರಲ್ಲೂ ಏಷ್ಯಾದ ಯುವತಿಯರಲ್ಲಿ ಇದು ಹೆಚ್ಚು. ಬಹುಪಾಲು ಜನರಿಗೆ 1ರಿಂದ 4 ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ತಾನಾಗಿ ಹೋಗುವ ಕಾಯಿಲೆಗೆ 6 ತಿಂಗಳು ಕ್ಷಯದ ಮಾತ್ರೆ ನುಂಗಿಸಿದರೆ? ಕಿಮೊಥೆರಪಿ ಕೊಟ್ಟರೆ? ಆ ಅನಾಹುತ ತಪ್ಪಿಸುವವರು ರೋಗಿಯ ಮುಖವನ್ನು ಹೆಚ್ಚಾಗಿ ನೋಡಿಯೇ ಇರದ ಪೆಥಾಲಜಿಸ್ಟ್‌ಗಳು.

ಮೊದಲು ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ. ಕ್ಷಯ ಹಿಡಿಯಲು ಎಷ್ಟೋ ಸಲ ಅಷ್ಟೇ ಸಾಕು. ಆದರೆ ಸೂಜಿಗೆ ಸಿಗುವುದು ಬಿಡಿ ಜೀವಕೋಶಗಳು; ಅವು ಗ್ರಂಥಿಯೊಳಗೆ ಹೇಗೆ ಜೋಡಣೆಯಾಗಿದ್ದವು ಎಂಬುದು ತಿಳಿಯದು. ಅನುಮಾನ ಉಳಿದರೆ ಗ್ರಂಥಿಯನ್ನು ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

ಲ್ಯಾಬಿನಲ್ಲಿ ಗ್ರಂಥಿ ಫಾರ್ಮಲಿನ್‌ನಲ್ಲಿ ನೆನೆದು, ಪ್ಯಾರಾಫಿನ್ ಮೇಣದ ಅಚ್ಚಿನೊಳಗೆ ಕೂರುತ್ತದೆ. ಮೈಕ್ರೊಟೋಮ್ ಅದನ್ನು 3ರಿಂದ 5 ಮೈಕ್ರಾನ್ ತೆಳುವಿನ ಪದರಗಳಾಗಿ ಹೆರೆಯುತ್ತದೆ. ಕೋಶಕೇಂದ್ರಕ್ಕೆ ಹೆಮಟಾಕ್ಸಿಲಿನ್ ನೀಲಿ, ಸುತ್ತಲಿನದಕ್ಕೆ ಇಯೋಸಿನ್ ಗುಲಾಬಿ ಬಣ್ಣ ಕೊಡುತ್ತದೆ.

ಆಮೇಲಿನದು ಕಣ್ಣಿನ ಪಳಗಿಕೆ. ಕ್ಷಯವಾದರೆ ಗ್ರ್ಯಾನುಲೋಮಗಳೆಂಬ ಕೋಶಗುಂಪುಗಳ ನಡುಭಾಗದಲ್ಲಿ ಗಿಣ್ಣಿನಂತೆ ಸತ್ತ ಭಾಗ ಕಾಣುತ್ತದೆ. ಕಿಕುಚಿಯಲ್ಲಿ ಕೋಶಕೇಂದ್ರಗಳು ಒಡೆದು ಪುಡಿಪುಡಿಯಾಗಿರುತ್ತವೆ, ಆ ಪುಡಿಯನ್ನು ರಕ್ಷಣಾ ಕೋಶಗಳಾದ ಹಿಸ್ಟಿಯೊಸೈಟ್‌ಗಳು ನುಂಗುತ್ತಿರುತ್ತವೆ. ಇಷ್ಟೆಲ್ಲ ಹಾಳಾದ ಜಾಗಕ್ಕೆ ಧಾವಿಸಿ ಬರಬೇಕಿದ್ದ ಬಿಳಿರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಮಾತ್ರ ಕಾಣುವುದೇ ಇಲ್ಲ. ಇಲ್ಲದ್ದನ್ನೂ ಗಮನಿಸಬಲ್ಲ ಕಣ್ಣಿಗೆ ಅದೇ ದೊಡ್ಡ ಸುಳಿವು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಇರಬಹುದೆನಿಸಿದರೆ ಕೋಶಗಳ ಬಗೆಯನ್ನು ಗುರುತಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆ ಮಾಡುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಕೂಡ ಕಿಕುಚಿಯಂಥದೇ ಚಿತ್ರ ತೋರಿಸಬಲ್ಲದು. ಅದಕ್ಕಾಗಿ ಎಎನ್‌ಎ ರಕ್ತಪರೀಕ್ಷೆ. ಕೆಲವರಲ್ಲಿ ಲೂಪಸ್ ಮುಂದೆಂದೋ ತಲೆದೋರುವುದರಿಂದ, ಗಂಟು ಕರಗಿದ ಮೇಲೂ ಆಗಾಗ ತಪಾಸಣೆ ಬೇಕು.

ಎರಡು ಮೂರು ವಾರವಾದರೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಅವರು ಬಯಾಪ್ಸಿ ಬರೆದುಕೊಟ್ಟರೆ ಎದೆಗುಂದಬೇಡಿ. ಬೇಡದ ಮದ್ದಿನಿಂದ ಮನೆಮಗಳನ್ನು ಉಳಿಸುವ ದಾರಿಯೂ ಅದೇ ಚೀಟಿಯಿಂದ ಶುರುವಾಗುತ್ತದೆ.